ಓದುಗರೊಂದಿಗೆ: ದೆವ್ವದ ಚಿತ್ರದಲ್ಲಿ ರಕ್ತವೆಷ್ಟು, ಭಯವೆಷ್ಟು?

ಹಾರರ್ ಚಿತ್ರಗಳಲ್ಲಿ ಹಿಂಸೆ ಹೆಚ್ಚಿದಷ್ಟೂ ಭಯ ತೆಳುವಾಗುತ್ತಿದೆ ಎಂದು ಕಳೆದ ಸಂಚಿಕೆಯ ಒಂದು ಉತ್ತರದಲ್ಲಿ ಬರೆದಿದ್ದೆ. ಹಳೆಯ ಕಾಲದ ರಾಕ್ಷಸರೇ ನನಗೆ ಇಂದಿಗೂ ಹೆಚ್ಚು ಹತ್ತಿರ ಎಂದೂ ಹೇಳಿದ್ದೆ. ಆ ಎರಡು ಮಾತಿಗೆ ಒಪ್ಪಿ, ಒಪ್ಪದೆ, ಸಿಟ್ಟಾಗಿ ಬಂದ ಪತ್ರಗಳು ಸಾಕಷ್ಟಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೊಮ್ಮಗನ ಒತ್ತಾಯಕ್ಕೆ ಮಣಿದು ಅವನ ಲ್ಯಾಪ್‌ಟಾಪಿನಲ್ಲಿ ಈಚಿನ ಎರಡು ಹಾರರ್ ಚಿತ್ರಗಳನ್ನು ನೋಡಿದೆ. ಕೈಕಾಲು ಕತ್ತರಿಸುವುದು, ಕಣ್ಣು ಕೀಳುವುದು ಬಿಟ್ಟರೆ ಅವುಗಳಲ್ಲಿ ಬೇರೇನೂ ಕಾಣಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ, ರಾತ್ರಿ ಊಟ ಮಾತ್ರ ಸೇರಲಿಲ್ಲ. ಇದು ನನ್ನ ವಯಸ್ಸಿನ ದೋಷವೇ, ಚಿತ್ರಗಳ ದೋಷವೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಊಟ ಸೇರಲಿಲ್ಲ ಎಂದು ಬರೆದಿರುವಿರಲ್ಲ, ಉತ್ತರದ ಅರ್ಧ ಅಲ್ಲೇ ಇದೆ. ನಾಟ್ಯಶಾಸ್ತ್ರವು ಭಯಾನಕವನ್ನೂ ಬೀಭತ್ಸವನ್ನೂ ಎರಡು ಬೇರೆ ರಸಗಳೆಂದು ಎಣಿಸಿತು. ಮೊದಲನೆಯದರ ಸ್ಥಾಯಿಭಾವ, ಅಂದರೆ ಅದರ ಬೇರಿನಲ್ಲಿರುವ ಭಾವ, ಭಯ; ಎರಡನೆಯದರದು ಜುಗುಪ್ಸೆ. ಭಯ ಎನ್ನುವುದು ಇನ್ನೂ ನಡೆಯದ ಸಂಗತಿಯ ಕಡೆಗೆ ಮುಖ ಮಾಡಿರುತ್ತದೆ, ಜುಗುಪ್ಸೆ ಎದುರಿಗೆ ಬಿದ್ದಿರುವುದನ್ನು ಕಂಡು ಹುಟ್ಟುತ್ತದೆ. ನೀವು ನೋಡಿದ ಚಿತ್ರಗಳು ಎರಡನೆಯದನ್ನು ಕೊಟ್ಟು ಮೊದಲನೆಯದರ ಹೆಸರನ್ನು ಹಾಕಿಕೊಂಡಿವೆ. ಬೀಭತ್ಸ ಕೀಳು ರಸವೆಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ಬೇಗ ದಣಿಯುವ ಗುಣವಿದೆ. ಮೊದಲ ಗಾಯಕ್ಕೆ ಮುಖ ತಿರುಗಿಸುತ್ತೇವೆ, ಎರಡನೆಯದಕ್ಕೆ ಹುಬ್ಬು ಗಂಟಿಕ್ಕುತ್ತೇವೆ, ಐದನೆಯದರ ಹೊತ್ತಿಗೆ ಆ ಗಾಯವನ್ನು ಹೇಗೆ ಮಾಡಿರಬಹುದೆಂಬ ಯೋಚನೆ ತಲೆಗೆ ಬರುತ್ತದೆ. ಚಿತ್ರಹಿಂಸೆಯನ್ನೇ ತಿರುಳಾಗಿಸಿಕೊಂಡ ಅಮೆರಿಕದ ಚಿತ್ರಗಳು 2005ರ ಆಸುಪಾಸಿನಲ್ಲಿ ಸಾಲುಗಟ್ಟಿ ಬಂದಾಗ ನಾನು ಅವುಗಳಲ್ಲಿ ಹಲವನ್ನು ನೋಡಿದೆ. ಕುರ್ಚಿಗೆ ಕಟ್ಟಿಹಾಕಿಸಿಕೊಂಡು ನರಳಿದವರಲ್ಲಿ ಒಬ್ಬರ ಹೆಸರೂ ಇಂದು ನನಗೆ ನೆನಪಿಲ್ಲ, ಅವರನ್ನು ಕೊಯ್ದ ಉಪಕರಣಗಳು ನೆನಪಿವೆ. ಇದು ನನ್ನನ್ನು ನಿಜವಾಗಿಯೂ ಕಳವಳಕ್ಕೀಡುಮಾಡಿತು.

ಇದರ ಪಕ್ಕದಲ್ಲಿ 1942ರ 'ಕ್ಯಾಟ್ ಪೀಪಲ್' ಚಿತ್ರವನ್ನಿಟ್ಟು ನೋಡಿ. ನಿರ್ಮಾಪಕ ವಾಲ್ ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ಕಡಿಮೆ ಹಣದಲ್ಲಿ ಇದನ್ನು ತಯಾರಿಸಿದರು. ರಾತ್ರಿ ಉದ್ಯಾನದ ಪಕ್ಕದ ರಸ್ತೆಯಲ್ಲಿ ಒಬ್ಬಳು ನಡೆಯುತ್ತಿದ್ದಾಳೆ, ಹಿಂದೆ ಇನ್ನೊಬ್ಬಳ ಹಿಮ್ಮಡಿಯ ಸದ್ದು ಕೇಳುತ್ತಿದೆ, ಇದ್ದಕ್ಕಿದ್ದಂತೆ ಆ ಸದ್ದು ನಿಂತುಹೋಗುತ್ತದೆ. ಮುಂದೆ ನಡೆಯುವವಳು ತಿರುಗಿ ನೋಡಿದರೆ ಯಾರೂ ಇಲ್ಲ. ಆಮೇಲೆ ಬುಸ್ಸೆಂದು ಬಂದು ನಿಲ್ಲುವುದು ಒಂದು ಬಸ್ಸು ಮಾತ್ರ. ಹನಿ ರಕ್ತವಿಲ್ಲದ ಆ ದೃಶ್ಯವನ್ನು ನಾನು ಅನೇಕ ಸಲ ನೋಡಿದ್ದೇನೆ. ಸದ್ದು ನಿಲ್ಲುವ ಕ್ಷಣದಲ್ಲಿ ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಹಾಗಾಗಿ ದೋಷ ನಿಮ್ಮ ವಯಸ್ಸಿನದಲ್ಲ.

ಪ್ರಶ್ನೆ: ನೀವು ಹೊಗಳುವ ಹಳೆಯ ಡ್ರಾಕುಲಾ, ಫ್ರಾಂಕನ್‌ಸ್ಟೈನ್ ಚಿತ್ರಗಳನ್ನು ಗೆಳೆಯರೊಂದಿಗೆ ಹಾಸ್ಟೆಲ್ಲಿನಲ್ಲಿ ನೋಡಿದೆವು. ನಮಗೆ ನಗು ಬಂತು. ತಗಡಿನ ತಲೆಯಂತಿರುವ ಒಬ್ಬನು ಕೈ ಚಾಚಿಕೊಂಡು ನಡೆಯುವುದರಲ್ಲಿ ಭಯವೇನಿದೆ? ಹಳತೆಂಬ ಒಂದೇ ಕಾರಣಕ್ಕೆ ಗೌರವ ಕೊಡಬೇಕೇ?
— ಪದವಿ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹಳತೆಂಬ ಕಾರಣಕ್ಕೆ ಯಾವುದಕ್ಕೂ ಗೌರವ ಕೊಡಬೇಕಾಗಿಲ್ಲ. ಟಾಡ್ ಬ್ರೌನಿಂಗ್ 1931ರಲ್ಲಿ ನಿರ್ದೇಶಿಸಿದ 'ಡ್ರಾಕುಲಾ' ವಿಷಯದಲ್ಲಿ ನಿಮ್ಮ ಆಕ್ಷೇಪದ ಬಹುಪಾಲನ್ನು ಒಪ್ಪುತ್ತೇನೆ. ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ ನಡೆಯುವ ಮೊದಲ ಭಾಗ ಮುಗಿದ ಮೇಲೆ ಅದು ರಂಗನಾಟಕದ ನೆರಳಿನಿಂದ ಹೊರಬರುವುದೇ ಇಲ್ಲ. ಪಾತ್ರಗಳು ದಿವಾನಖಾನೆಯಲ್ಲಿ ನಿಂತು ಕಿಟಕಿಯಾಚೆ ನಡೆದದ್ದನ್ನು ಒಬ್ಬರಿಗೊಬ್ಬರು ವರದಿ ಮಾಡುತ್ತಾರೆ. ಹಿನ್ನೆಲೆ ಸಂಗೀತ ಇಲ್ಲವೆಂಬಷ್ಟು ಕಡಿಮೆ. ಬೆಲಾ ಲುಗೋಸಿಯ ನಿಧಾನವಾದ ಮಾತು ಮತ್ತು ಆ ಕಣ್ಣುಗಳಿಲ್ಲದಿದ್ದರೆ ಚಿತ್ರ ಇಷ್ಟು ಕಾಲ ಬಾಳುತ್ತಿರಲಿಲ್ಲ.

ಆದರೆ ಅದೇ ವರ್ಷ, ಅದೇ ಯೂನಿವರ್ಸಲ್ ಸ್ಟುಡಿಯೊದಿಂದ ಜೇಮ್ಸ್ ವೇಲ್ ನಿರ್ದೇಶನದಲ್ಲಿ ಬಂದ 'ಫ್ರಾಂಕನ್‌ಸ್ಟೈನ್' ಬಗ್ಗೆ ನಾನು ಸೋಲೊಪ್ಪಲಾರೆ. ನೀವು ಹತ್ತು ಜನ ಒಂದು ಕೋಣೆಯಲ್ಲಿ ಕುಳಿತು ನೋಡಿದಿರಿ. ಅದನ್ನು ಒಮ್ಮೆ ಒಬ್ಬರೇ ಕುಳಿತು, ಭಯವಾಗುತ್ತದೆಯೇ ಎಂದು ಪರೀಕ್ಷಿಸದೆ, ವಿಜ್ಞಾನಿ ಫ್ರಾಂಕನ್‌ಸ್ಟೈನ್ ಹೆಣಗಳ ಭಾಗಗಳಿಂದ ಸೃಷ್ಟಿಸಿದ ಆ ಜೀವಿಯ ಮುಖವನ್ನೇ ಗಮನಿಸುತ್ತ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಚಿತ್ರದ ಆರಂಭದ ಶೀರ್ಷಿಕೆಗಳಲ್ಲಿ ಆ ಪಾತ್ರಧಾರಿಯ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದೇ ಇದೆ. ಆ ಚಿಹ್ನೆಯ ಹಿಂದಿದ್ದವರು, ನಲವತ್ತು ದಾಟಿದರೂ ಹೆಚ್ಚಿನ ಹೆಸರು ಮಾಡದಿದ್ದ ಬೋರಿಸ್ ಕಾರ್ಲಾಫ್. ಪ್ರಸಾಧನಕಾರ ಜಾಕ್ ಪಿಯರ್ಸ್ ಗಂಟೆಗಟ್ಟಲೆ ಕುಳಿತು ಚಪ್ಪಟೆ ನೆತ್ತಿಯನ್ನೂ ಭಾರವಾಗಿ ಜೋಲುವ ಕಣ್ಣೆವೆಗಳನ್ನೂ ರೂಪಿಸಿದರು. ಆ ಎವೆಗಳ ಕೆಳಗಿನಿಂದ ಕಾರ್ಲಾಫ್ ಲೋಕವನ್ನು ಆಗತಾನೇ ನಿದ್ದೆಯಿಂದೆದ್ದ ಮಗುವಿನಂತೆ ನೋಡುತ್ತಾರೆ. ಚಾವಣಿಯ ಕಿಂಡಿ ತೆರೆದಾಗ ಮೇಲಿನಿಂದ ಬೆಳಕು ಬೀಳುತ್ತದೆ; ಆ ಜೀವಿ ತಲೆಯೆತ್ತಿ, ಎರಡು ಕೈಗಳನ್ನೂ ಚಾಚಿ, ಬೆಳಕನ್ನು ಹಿಡಿಯಲು ಹೋಗುತ್ತದೆ. ಅದನ್ನು ಸೃಷ್ಟಿಸಿದವನು ಕಿಂಡಿಯನ್ನು ಮುಚ್ಚಿಸುತ್ತಾನೆ. ಬೆಳಕು ಎಲ್ಲಿ ಹೋಯಿತೆಂದು ಕೇಳುವಂತೆ ಆ ಕೈಗಳು ಅಲ್ಲಾಡುತ್ತವೆ. ನೀವು ಕೈ ಚಾಚಿಕೊಂಡು ನಡೆಯುವುದೆಂದು ಬರೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಈ ಕೈಗಳೇ.

ಹಿಂಸೆಯ ಪ್ರಶ್ನೆಗೂ ಈ ಚಿತ್ರದಷ್ಟು ಪಾಠ ಕಲಿಸಿದ ಇನ್ನೊಂದು ಚಿತ್ರವನ್ನು ನಾನರಿಯೆ. ಸರೋವರದ ದಡದಲ್ಲಿ ಮರಿಯಾ ಎಂಬ ಪುಟ್ಟ ಹುಡುಗಿ ಆ ಜೀವಿಯನ್ನು ಹೆದರದೆ ಆಟಕ್ಕೆ ಕರೆಯುತ್ತಾಳೆ. ಇಬ್ಬರೂ ಹೂಗಳನ್ನು ಒಂದೊಂದಾಗಿ ನೀರಿಗೆಸೆದು ಅವು ತೇಲುವುದನ್ನು ನೋಡಿ ಸಂತೋಷಪಡುತ್ತಾರೆ. ಹೂಗಳು ಮುಗಿದಾಗ, ಅವಳೂ ಹೂವಿನಂತೆ ತೇಲುತ್ತಾಳೆಂದು ನಂಬಿ ಅದು ಅವಳನ್ನೇ ನೀರಿಗೆಸೆಯುತ್ತದೆ. ಅವಳು ತೇಲುವುದಿಲ್ಲ. ಏನಾಯಿತೆಂದು ಅರ್ಥವಾಗದೆ ಅದು ತಡಬಡಿಸಿ ಅಲ್ಲಿಂದ ಓಡುತ್ತದೆ. ಮಗುವಿನ ಸಾವನ್ನು ತೋರಿಸುವುದು ಅತಿಯಾಯಿತೆಂದು ಈ ದೃಶ್ಯಕ್ಕೆ ಕತ್ತರಿ ಬಿತ್ತು. ಆ ಜೀವಿ ಹುಡುಗಿಯ ಕಡೆಗೆ ಕೈ ಚಾಚುವಲ್ಲಿಗೆ ದೃಶ್ಯ ನಿಲ್ಲುತ್ತಿತ್ತು, ಮುಂದೆ ಕಾಣುತ್ತಿದ್ದದ್ದು ಮಗಳ ಹೆಣವನ್ನು ಹೊತ್ತು ಊರೊಳಗೆ ನಡೆದುಬರುವ ತಂದೆ. ನಡುವೆ ಏನು ನಡೆದಿರಬಹುದೆಂದು ಪ್ರೇಕ್ಷಕರು ತಾವೇ ಊಹಿಸಬೇಕಾಯಿತು, ಆ ಊಹೆ ನಡೆದದ್ದಕ್ಕಿಂತ ಎಷ್ಟೋ ಪಾಲು ಕ್ರೂರವಾಗಿತ್ತು. ತಿಳಿಯದೆ ತಪ್ಪು ಮಾಡಿದ ಜೀವಿ, ಕತ್ತರಿಯ ಕೃಪೆಯಿಂದ, ಬೇಕೆಂದೇ ಮಗುವನ್ನು ಕೊಂದ ಪಾಪಿಯಾಯಿತು. ತುಂಡು 1980ರ ದಶಕದಲ್ಲಿ ಮತ್ತೆ ಚಿತ್ರಕ್ಕೆ ಸೇರಿತು. ಅರ್ಧ ಶತಮಾನ ಲೋಕದ ಬಹುಭಾಗ ಅದನ್ನು ತಪ್ಪಾಗಿ ನೋಡಿತ್ತು.

ಈ ಕಾರಣಕ್ಕೇ ನಾನು ತೆರೆಯ ಮೇಲೆ ಎಷ್ಟು ಹಿಂಸೆಯಿದೆ ಎಂದು ಅಳೆಯುವುದಿಲ್ಲ. ನೋವು ಯಾರದು, ಚಿತ್ರ ಆ ನೋವಿನ ಜೊತೆ ನಿಂತಿದೆಯೇ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. 1931ರ ಚಿತ್ರ ಸತ್ತ ಹುಡುಗಿಯ ಜೊತೆಗೂ ನಿಲ್ಲುತ್ತದೆ, ಕೊಂದ ಜೀವಿಯ ಜೊತೆಗೂ ನಿಲ್ಲುತ್ತದೆ, ಪಂಜು ಹಿಡಿದು ಗಾಳಿಗಿರಣಿಗೆ ಬೆಂಕಿಯಿಡುವ ಊರಿನವರ ಜೊತೆಗೆ ಮಾತ್ರ ಪೂರ್ತಿಯಾಗಿ ನಿಲ್ಲುವುದಿಲ್ಲ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಆ ಜೀವಿ ನಿರರ್ಗಳವಾಗಿ ಮಾತಾಡುತ್ತದೆ, ತನ್ನನ್ನು ಹುಟ್ಟಿಸಿ ತೊರೆದವನನ್ನು ನ್ಯಾಯ ಕೇಳುತ್ತದೆ. ಚಿತ್ರದಲ್ಲಿ ಅದಕ್ಕೆ ಮಾತಿಲ್ಲ, ಆದರೂ ಅದೇ ಪ್ರಶ್ನೆ ಆ ಕೈಗಳಲ್ಲಿ ಉಳಿದಿದೆ.

ಪ್ರಶ್ನೆ: ರಕ್ತವನ್ನು ವಿರೋಧಿಸುವ ನೀವೇ ಎರಡು ವರ್ಷಗಳ ಹಿಂದೆ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರವನ್ನೂ ಬ್ರಿಟನ್ನಿನ ಹ್ಯಾಮರ್ ಕಂಪನಿಯ ಡ್ರಾಕುಲಾವನ್ನೂ ಈ ಅಂಕಣದಲ್ಲೇ ಮೆಚ್ಚಿ ಬರೆದದ್ದನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಇದು ವಿರೋಧಾಭಾಸವಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ನಾನು ರಕ್ತವನ್ನು ವಿರೋಧಿಸಿದ್ದೇನೆಂದು ಅರ್ಥ ಬರುವಂತೆ ಕಳೆದ ಬಾರಿ ಬರೆದಿದ್ದರೆ ಅದು ನನ್ನ ಅವಸರದ ತಪ್ಪು, ತಿದ್ದಿಕೊಳ್ಳುತ್ತೇನೆ. ಹ್ಯಾಮರ್ ಕಂಪನಿ 1957ರಲ್ಲಿ ಫ್ರಾಂಕನ್‌ಸ್ಟೈನನ ಕಥೆಯನ್ನೂ 1958ರಲ್ಲಿ ಡ್ರಾಕುಲಾನ ಕಥೆಯನ್ನೂ ಬಣ್ಣದಲ್ಲಿ ತಂದಾಗ ತೆರೆಯ ಮೇಲೆ ರಕ್ತ ಮೊದಲ ಬಾರಿಗೆ ಅಷ್ಟು ಕೆಂಪಾಗಿ ಕಂಡಿತು, ಬ್ರಿಟನ್ನಿನ ಪತ್ರಿಕೆಗಳಲ್ಲಿ ಗದ್ದಲವೂ ಎದ್ದಿತು. ಆದರೆ ನಿರ್ದೇಶಕ ಟೆರೆನ್ಸ್ ಫಿಷರ್ ಅವರ 1958ರ ಚಿತ್ರದಲ್ಲಿ ಪಿಶಾಚಿಯಾದ ಲೂಸಿಯ ಎದೆಗೆ ಗೂಟ ಹೊಡೆಯುವ ಭೀಕರ ದೃಶ್ಯ ಗೂಟದಲ್ಲೇ ಮುಗಿಯುವುದಿಲ್ಲ. ಅವಳ ಮುಖ ಮೊದಲಿನ ಶಾಂತಿಗೆ ಮರಳಿದ್ದನ್ನು ಅಣ್ಣನಾದವನು ಬಾಗಿ ನೋಡುತ್ತಾನೆ. ಹೊಡೆತದ ಮುಂದೆ ಒಂದು ಮನೆಯ ದುಃಖವಿದೆ.

ಜಾರ್ಜ್ ರೊಮೆರೊ ಅವರ 1968ರ ಚಿತ್ರದಲ್ಲಿ ಹೆಣಗಳು ಎದ್ದುಬಂದು ಮನುಷ್ಯರ ಮಾಂಸ ತಿನ್ನುತ್ತವೆ. ಕಪ್ಪುಬಿಳುಪಿನ ಆ ದೃಶ್ಯಗಳಿಗೆ ರಕ್ತದ ಬದಲು ಚಾಕೊಲೇಟ್ ಪಾಕ ಬಳಸಿದ್ದರೆಂದು ಗೊತ್ತಿದ್ದೂ ಹೊಟ್ಟೆ ತೊಳಸುತ್ತದೆ. ಅದರ ಕೊನೆಯ ಕೆಲವು ನಿಮಿಷಗಳಿಗಾಗಿ ನಾನು ಅದನ್ನು ಮೆಚ್ಚುತ್ತೇನೆ. ಡ್ವೇನ್ ಜೋನ್ಸ್ ಎಂಬ ಕಪ್ಪು ವರ್ಣೀಯ ನಟ ಅಭಿನಯಿಸಿದ ಬೆನ್, ರಾತ್ರಿಯಿಡೀ ಹೆಣಗಳೊಂದಿಗೆ ಹೋರಾಡಿ, ಜೊತೆಗಿದ್ದವರನ್ನೆಲ್ಲ ಕಳೆದುಕೊಂಡು, ನೆಲಮಾಳಿಗೆಯಲ್ಲಿ ಒಬ್ಬನೇ ಬದುಕಿ ಉಳಿಯುತ್ತಾನೆ. ಬೆಳಗ್ಗೆ ಬಂದೂಕು ಹಿಡಿದು ಬಂದ ಜನ ಕಿಟಕಿಯಲ್ಲಿ ಅವನನ್ನು ಕಂಡು, ಇವನೂ ಎದ್ದ ಹೆಣವೇ ಎಂದುಕೊಂಡು, ದೂರದಿಂದಲೇ ಗುಂಡಿಕ್ಕುತ್ತಾರೆ. ಆಮೇಲೆ ಕಾಣುವುದು ಪತ್ರಿಕೆಯ ಮಸಕು ಫೋಟೋಗಳಂಥ ನಿಶ್ಚಲ ಚಿತ್ರಗಳು: ಕೊಕ್ಕೆ ಹಾಕಿ ಎಳೆಯುವ ಕೈಗಳು, ರಾಶಿ ಬಿದ್ದ ಹೆಣಗಳು, ಬೆಂಕಿ. ಕಪ್ಪು ವರ್ಣೀಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ವರ್ಷದಲ್ಲಿ ಅಮೆರಿಕದ ಪ್ರೇಕ್ಷಕರ ಮುಂದೆ ಬಂದ ಈ ಚಿತ್ರಗಳು ಏನನ್ನು ನೆನಪಿಸಿರಬಹುದು ಎಂಬುದನ್ನು ವಿವರಿಸಬೇಕಾಗಿಲ್ಲ. 

ಜಪಾನಿನ 1954ರ 'ಗೊಡ್ಜಿಲ್ಲಾ' ಇದೇ ಸಾಲಿನದು. ಆ ವರ್ಷದ ಮಾರ್ಚಿಯಲ್ಲಿ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣದ ಬೂದಿ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ಬಿದ್ದಿತ್ತು. ನವೆಂಬರಿನಲ್ಲಿ ಇಶಿರೊ ಹೊಂಡಾ ಅವರ ಚಿತ್ರ ತೆರೆ ಕಂಡಿತು. ರಾಕ್ಷಸ ನಗರವನ್ನು ತುಳಿದುಹೋದ ಮೇಲೆ ಕ್ಯಾಮೆರಾ ಆಸ್ಪತ್ರೆಯೊಳಗೆ ಹೋಗುತ್ತದೆ, ಮಗುವೊಂದರ ಮೈಮೇಲೆ ವಿಕಿರಣ ಮಾಪಕ ಹಿಡಿಯುವುದನ್ನು ತೋರಿಸುತ್ತದೆ. ರಬ್ಬರಿನ ವೇಷ ತೊಟ್ಟ ಮನುಷ್ಯನನ್ನು ಕಂಡು ನಕ್ಕವರು ಆ ಮಗುವಿನ ಮುಂದೆ ನಗಲಾರರು.

ಪ್ರಶ್ನೆ: ಹನ್ನೊಂದು ವರ್ಷದ ಮಗ ದೆವ್ವದ ಚಿತ್ರ ತೋರಿಸೆಂದು ಹಟ ಹಿಡಿದಿದ್ದಾನೆ. ತೋರಿಸಬಹುದೇ? ಯಾವುದರಿಂದ ಶುರು ಮಾಡಲಿ?
— ತಾಯಿ, ಮೈಸೂರು

ಉತ್ತರ: ತೋರಿಸಿ, ಆದರೆ ಪಕ್ಕದಲ್ಲಿ ಕುಳಿತು ತೋರಿಸಿ. 2023ರ ತಿದ್ದುಪಡಿಯ ನಂತರ ನಮ್ಮ ಪ್ರಮಾಣಪತ್ರಗಳಲ್ಲಿ ಯು/ಎ ವರ್ಗವನ್ನು, ಅಂದರೆ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳನ್ನು, 7, 13 ಮತ್ತು 16 ವರ್ಷಗಳೆಂದು ಮೂರಾಗಿ ವಿಂಗಡಿಸಿದ್ದಾರೆ. ಅದನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಇಂಥ ಗುರುತಿಲ್ಲದೆ ಏನಾಗುತ್ತದೆಂಬುದಕ್ಕೆ ಮೇಲೆ ಹೇಳಿದ ರೊಮೆರೊ ಚಿತ್ರವೇ ಸಾಕ್ಷಿ. ಅಮೆರಿಕದ ವಯೋಮಿತಿ ವರ್ಗೀಕರಣ ಜಾರಿಗೆ ಬಂದದ್ದು 1968ರ ನವೆಂಬರಿನಲ್ಲಿ, ಚಿತ್ರ ಬಂದದ್ದು ಅದಕ್ಕೆ ಒಂದು ತಿಂಗಳು ಮೊದಲು. ಮಧ್ಯಾಹ್ನದ ಆಟಕ್ಕೆ ತಂದೆತಾಯಿ ಬಿಟ್ಟುಹೋದ ಮಕ್ಕಳು ಚಿತ್ರಮಂದಿರದಲ್ಲಿ ಸದ್ದಿಲ್ಲದೆ ಕುಳಿತು ಅಳುತ್ತಿದ್ದುದನ್ನು ವಿಮರ್ಶಕ ರೋಜರ್ ಈಬರ್ಟ್ ಬರೆದಿದ್ದಾರೆ. ನಾನೂ ಒಂಬತ್ತನೆಯ ವಯಸ್ಸಿನಲ್ಲಿ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕುಳಿತು, ನೋಡಬಾರದ ಚಿತ್ರವೊಂದನ್ನು ನೋಡಿ, ತಿಂಗಳುಗಟ್ಟಲೆ ಹಿತ್ತಲಿಗೆ ಒಬ್ಬನೇ ಹೋಗಲಾರದೆ ಅಜ್ಜಿಯನ್ನು ಎಬ್ಬಿಸುತ್ತಿದ್ದೆ. ಅಜ್ಜಿ ಒಂದು ದಿನವೂ ಗದರಲಿಲ್ಲ.

ಶುರುವಿಗೆ 1933ರ 'ಕಿಂಗ್ ಕಾಂಗ್' ಆಗಬಹುದು, ಅಥವಾ 1954ರ 'ಕ್ರೀಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್'. ಎರಡನೆಯದರಲ್ಲಿ ಹುಡುಗಿ ನೀರಿನ ಮೇಲೆ ಈಜುತ್ತಿರುವಾಗ ಅವಳ ಕೆಳಗೆ, ಅವಳಿಗೆ ಗೊತ್ತಾಗದಂತೆ, ಆ ಜಲಚರ ಅವಳ ಜೊತೆಜೊತೆಗೇ ಈಜುವ ದೃಶ್ಯವಿದೆ. ಅದು ಬಂದಾಗ ಮಗನ ಮುಖ ನೋಡಿ. ಮುಂದಿನ ಚಿತ್ರ ಯಾವುದಿರಬೇಕೆಂದು ನಿಮಗೇ ತಿಳಿಯುತ್ತದೆ.

ಪ್ರಶ್ನೆ: ಹಿಂಸೆಯ ಚಿತ್ರಗಳನ್ನು ನಿಷೇಧಿಸುವುದೇ ಸರಿಯಲ್ಲವೇ?
— ವಕೀಲರು, ಕಲಬುರಗಿ

ಉತ್ತರ: ಸರಿಯೆಂದು ನನಗನ್ನಿಸುವುದಿಲ್ಲ. ಕತ್ತರಿ ಯಾವುದನ್ನು ಹುಡುಕಬೇಕೆಂಬುದೇ ಸುಲಭದ ಪ್ರಶ್ನೆಯಲ್ಲ. ಟೋಬ್ ಹೂಪರ್ ಅವರ 1974ರ 'ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್' ಚಿತ್ರದ ಹೆಸರು ಕೇಳಿದವರು ಅದು ರಕ್ತದ ಹೊಳೆಯೆಂದುಕೊಳ್ಳುತ್ತಾರೆ. ನಿಜದಲ್ಲಿ ಅದರಲ್ಲಿ ತೋರಿಸುವ ರಕ್ತ ಕಡಿಮೆ. ಹುಡುಗಿಯನ್ನು ಮಾಂಸದ ಕೊಕ್ಕೆಗೆ ಸಿಕ್ಕಿಸುವಾಗಲೂ ಕೊಕ್ಕೆ ಮೈಗೆ ಇಳಿಯುವುದು ಕಾಣುವುದಿಲ್ಲ. ಬ್ರಿಟನ್ನಿನ ಸೆನ್ಸಾರ್ ಮಂಡಳಿಗೆ ಕತ್ತರಿಸಲು ತುಂಡೇ ಸಿಗದಂತಾಗಿ, ಚಿತ್ರದ ಒಟ್ಟು ವಾತಾವರಣವೇ ಅಸಹನೀಯವೆಂಬ ಕಾರಣಕ್ಕೆ ಪ್ರಮಾಣಪತ್ರ ನಿರಾಕರಿಸಿತು. 1999ರಲ್ಲಿ ಒಂದೂ ಕತ್ತರಿಯಿಲ್ಲದೆ ಕೊಟ್ಟಿತು. ನೀವು ವಕೀಲರಾದ್ದರಿಂದ ಚಿತ್ರನಿರ್ದೇಶಕ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1970ರಲ್ಲಿ ಕೊಟ್ಟ ತೀರ್ಪನ್ನು ಬಲ್ಲಿರಿ. ನ್ಯಾಯಾಲಯ ಚಿತ್ರಗಳ ಪೂರ್ವ ಪರಿಶೀಲನೆಯನ್ನು ಎತ್ತಿಹಿಡಿಯಿತು, ಜೊತೆಗೇ ಕತ್ತರಿಯನ್ನು ಕರೆಯಬೇಕಾದದ್ದು ವಸ್ತುವಲ್ಲ, ಅದನ್ನು ನಿರ್ವಹಿಸಿದ ರೀತಿ ಎಂಬ ಅರ್ಥದ ಮಾತನ್ನೂ ಹೇಳಿತು. ನನ್ನ ನಿಲುವೂ ಅದೇ. ಮಕ್ಕಳನ್ನು ದೂರವಿಡುವ ವಯೋಮಿತಿ ಬಿಗಿಯಾಗಿರಲಿ. ವಯಸ್ಕರಿಗೆ ಚಿತ್ರ ಇಡಿಯಾಗಿ ಸಿಗಲಿ. ಮರಿಯಾಳ ದೃಶ್ಯಕ್ಕೆ ಆದದ್ದನ್ನು ಓದಿದ ಮೇಲೆ ನಿಮಗೂ ಹಾಗೆನ್ನಿಸಬಹುದೆಂಬ ಆಸೆ ನನಗಿದೆ.

ಪ್ರಶ್ನೆ: ಈ ಎಲ್ಲ ರಾಕ್ಷಸರೂ ಪಾಶ್ಚಾತ್ಯರಾಯಿತು. ನಮ್ಮ ಯಕ್ಷಗಾನದ ರಕ್ಕಸರ ಬಣ್ಣದ ವೇಷ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲವೇ?
— ಯಕ್ಷಗಾನಾಭಿಮಾನಿ, ಪುತ್ತೂರು

ಉತ್ತರ: ಬರುತ್ತದೆ, ನನ್ನ ಲೆಕ್ಕ ಶುರುವಾದದ್ದೇ ಅಲ್ಲಿಂದ. ಜಾಕ್ ಪಿಯರ್ಸ್ ಗಂಟೆಗಟ್ಟಲೆ ಪ್ರಸಾಧನ ಮಾಡಿದರೆಂದು ಅಚ್ಚರಿಪಡುವವರು ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣದ ವೇಷಧಾರಿ ಕನ್ನಡಿಯ ಮುಂದೆ ಕುಳಿತು, ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಲ್ಲಿ ಮುಖದ ಮೇಲೆ ಮುಳ್ಳುಮುಳ್ಳಾದ ಉಬ್ಬುಚುಕ್ಕೆಗಳ ಚಿಟ್ಟಿ ಇಡುವುದನ್ನು ಒಮ್ಮೆ ನೋಡಬೇಕು. ದೇವೀಮಹಾತ್ಮೆಯ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ನಡುರಾತ್ರಿ ಕಳೆದ ಮೇಲೆ, ದೊಂದಿಗಳ ಬೆಳಕಿನಲ್ಲಿ, ರಾಳದ ಪುಡಿ ಭುಗಿಲೆನ್ನುತ್ತಿರುವಾಗ, ಪ್ರೇಕ್ಷಕರ ನಡುವಿನಿಂದಲೇ ಅಬ್ಬರಿಸುತ್ತ ಬರುತ್ತಾನೆ. ಮಲಗಿದ್ದ ಮಕ್ಕಳು ಚೆಂಡೆಯ ಸದ್ದಿಗೆ ಎಚ್ಚೆತ್ತು ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿ, ಮರುಕ್ಷಣವೇ ಇಣುಕಿ ನೋಡುತ್ತವೆ. ಒಂದು ಗಾಯವನ್ನೂ ತೋರಿಸದೆ ಹುಟ್ಟಿಸಿದ ಭಯ ಅದು.

ಸಿನಿಮಾದ ರಾಕ್ಷಸರಿಗೆ ಸಿಗದ ಒಂದು ಭಾಗ್ಯವೂ ನಮ್ಮ ರಕ್ಕಸರಿಗಿದೆ. ಅವರಿಗೆ ಅರ್ಥ ಹೇಳುವ ಅವಕಾಶವಿದೆ, ತಮ್ಮ ಪಕ್ಷವನ್ನು ಸಭೆಯ ಮುಂದೆ ವಾದಿಸುವ ಹಕ್ಕಿದೆ. ಹಿಂದಕ್ಕೆ ಹೋದರೆ ರನ್ನನ ಗದಾಯುದ್ಧದ ರಣರಂಗದಲ್ಲಿ ಮರುಳುಗಳೂ, ಅಂದರೆ ಪಿಶಾಚಿಗಳೂ, ಮಾತಾಡುತ್ತವೆ. ಹೆಣಗಳನ್ನು ತುಳಿಯುತ್ತ ಬರುವ ದುರ್ಯೋಧನನನ್ನು ಕಂಡು, ಪಾಂಡವರೊಡನೆ ಕೂಡಿ ಬಾಳಲಾರದೆ ಇಷ್ಟನ್ನೆಲ್ಲ ಮಾಡಿಕೊಂಡ ನೀನು ಮರುಳೋ, ನಾವು ಮರುಳೋ ಎಂದು ಅವು ಕೇಳುತ್ತವೆ. ಹೆಣಗಳ ರಾಶಿಯನ್ನು ವರ್ಣಿಸುವಲ್ಲಿ ರನ್ನ ಸ್ವಲ್ಪವೂ ಹಿಂಜರಿಯಲಿಲ್ಲ, ಆದರೆ ಆ ರಾಶಿಯ ಮೇಲೆ ನಿಂತು ಅರಸನಿಗೆ ಇಂಥ ಪ್ರಶ್ನೆ ಹಾಕಿಸಿದ. ಬೀಭತ್ಸವನ್ನು ಹೀಗೆ ಬಳಸುವವರಿದ್ದರೆ ನಾನು ಎಷ್ಟು ರಕ್ತವನ್ನಾದರೂ ನೋಡಬಲ್ಲೆ.

ಪ್ರಶ್ನೆ: ಹಳೆಯ ರಾಕ್ಷಸರಲ್ಲಿ ಒಬ್ಬನನ್ನೇ ಆರಿಸಬೇಕೆಂದರೆ?
— ಗ್ರಂಥಪಾಲಕಿ, ದಾವಣಗೆರೆ

ಉತ್ತರ: ಫ್ರಾಂಕನ್‌ಸ್ಟೈನನ ಜೀವಿಯನ್ನು ಹೇಳುತ್ತೇನೆಂದು ನೀವು ಎಣಿಸಿರಬಹುದು. ಆದರೆ ಮತ್ತೆ ಮತ್ತೆ ಮನಸ್ಸಿಗೆ ಬರುವವನು 1941ರ 'ದಿ ವುಲ್ಫ್ ಮ್ಯಾನ್' ಚಿತ್ರದ ಲ್ಯಾರಿ ಟಾಲ್ಬಟ್. ತೋಳ ಕಚ್ಚಿದ್ದರಿಂದ ತೋಳಮನುಷ್ಯನಾಗುವ ಈ ಬಡಪಾಯಿಯ ಪಾತ್ರವನ್ನು ಕಿರಿಯ ಲಾನ್ ಚೇನಿ ಅಭಿನಯಿಸಿದರು. ಚಿತ್ರಕಥೆ ಬರೆದ ಕರ್ಟ್ ಸಿಯೊಡ್‌ಮ್ಯಾಕ್ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟುಬಂದ ಯಹೂದಿ. ಮುಂದೆ ಬಲಿಯಾಗುವವರ ಅಂಗೈಯಲ್ಲಿ ತೋಳಮನುಷ್ಯನಿಗೆ ನಕ್ಷತ್ರದ ಗುರುತು ಕಾಣುತ್ತದೆಂದು ಅವರು ಬರೆದದ್ದನ್ನು, ನಕ್ಷತ್ರದ ಗುರುತು ಹಾಕಿ ಜನರನ್ನು ಬೇರ್ಪಡಿಸಿದ ಕಾಲದ ಜೊತೆಗಿಟ್ಟು ಓದುವವರಿದ್ದಾರೆ. ನನಗೂ ಆ ಓದು ಸರಿಯೆನ್ನಿಸುತ್ತದೆ.

ಡ್ರಾಕುಲಾನಿಗೆ ತಾನು ಮಾಡುವುದರಲ್ಲಿ ಸುಖವಿದೆ. ಲ್ಯಾರಿಗೆ ಇಲ್ಲ. ತನ್ನಿಂದ ಕೇಡಾಗುತ್ತದೆಂದು ತಿಳಿದ ಅವನು ತಂದೆಯ ಬಳಿ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ, ತಂದೆ ನಂಬುವುದಿಲ್ಲ. ಮಗನನ್ನು ಸಮಾಧಾನಪಡಿಸಲು ಕುರ್ಚಿಗೆ ಕಟ್ಟಿ, ತಾನು ಬೇಟೆಯ ಗುಂಪಿಗೆ ಹೊರಡುತ್ತಾನೆ. ತೋಳಮನುಷ್ಯನನ್ನು ಕೊಲ್ಲಬಲ್ಲ ಬೆಳ್ಳಿಯ ಹಿಡಿಯಿರುವ ಬೆತ್ತವನ್ನು ಜೊತೆಗಿಟ್ಟುಕೊಂಡು ಹೋಗೆಂದು ಲ್ಯಾರಿಯೇ ಬೇಡಿಕೊಳ್ಳುತ್ತಾನೆ. ಮಂಜು ಕವಿದ ಕಾಡಿನಲ್ಲಿ ತನ್ನ ಮೇಲೆ ಎರಗಿದ ಪ್ರಾಣಿಯನ್ನು ತಂದೆ ಅದೇ ಬೆತ್ತದಿಂದ ಹೊಡೆದು ಕೊಲ್ಲುತ್ತಾನೆ. ಗಾಯ ಕಾಣುವುದಿಲ್ಲ. ನೆಲದ ಮೇಲೆ ಬಿದ್ದ ಮುಖದಿಂದ ಕೂದಲು ನಿಧಾನವಾಗಿ ಮರೆಯಾಗಿ, ಕೆಳಗಿನಿಂದ ಮಗನ ಮುಖ ಮೂಡುತ್ತದೆ, ತಂದೆ ಬೆತ್ತ ಹಿಡಿದು ನಿಂತೇ ಇರುತ್ತಾನೆ.